ಮಾದರಿ ವೆಬ್ ಅಪ್ಲಿಕೇಶನ್ ಅನ್ನು ಮೊಬೈಲ್‌ನಲ್ಲಿ ಪರೀಕ್ಷಿಸುವ ಬಗೆ
ರಾಯಚೂರಿನಲ್ಲಿ ವೆಬ್ ಅಭಿವೃದ್ಧಿ ಕಲಿಯುತ್ತಿರುವ ಗೆಳೆಯರೆಲ್ಲರ ಗಮನಕ್ಕೆ: ಲ್ಯಾಪ್‌ಟಾಪ್‌ನಲ್ಲಿ ಸಿದ್ಧಪಡಿಸಿದ ಮಾದರಿ ಅಪ್ಲಿಕೇಶನ್ ಅನ್ನು ಆನ್‌ಲೈನ್ ಸರ್ವರ್‌ಗೆ ಏರಿಸುವ ಮೊದಲೇ ಮೊಬೈಲ್‌ನಲ್ಲಿ ಪರೀಕ್ಷಿಸಬೇಕಾದರೆ, ಅದನ್ನು 127.0.0.1ರ ಬದಲು 0.0.0.0 ವಿಳಾಸದಲ್ಲಿ ಆರಂಭಿಸಿ, ಅದೇ ವೈಫೈಗೆ ಸೇರಿದ ಮೊಬೈಲ್‌ನ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ, ಉದಾಹರಣೆಗೆ 192.168.1.5:8000 ಎಂಬಂತೆ, ನಮೂದಿಸಿರಿ. 127.0.0.1 ವಿಳಾಸ ಆ ಯಂತ್ರದೊಳಗಿನ ಕೋರಿಕೆಗಳಿಗಷ್ಟೇ ಓಗೊಡುತ್ತದೆ. 0.0.0.0 ವಿಳಾಸ ಯಂತ್ರದ ಎಲ್ಲ ನೆಟ್‌ವರ್ಕ್ ಸಂಪರ್ಕಗಳಿಂದ ಬರುವ ಕೋರಿಕೆಗಳನ್ನೂ ಸ್ವೀಕರಿಸುತ್ತದೆ. ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ ಬಳಸುವವರು ಲ್ಯಾಪ್‌ಟಾಪ್‌ನ ಐಪಿಯನ್ನು ಅದರ ಸೆಟ್ಟಿಂಗ್ಸ್‌ನಲ್ಲಿರುವ ಅನುಮತಿಸಿದ ಹೋಸ್ಟ್‌ಗಳ (ALLOWED_HOSTS) ಪಟ್ಟಿಗೆ ಸೇರಿಸಲೇಬೇಕು. ಹೊರಗಿನ ಸಂಪರ್ಕಗಳನ್ನು ನಿಯಂತ್ರಿಸುವ ಫೈರ್‌ವಾಲ್ ಆ ಪೋರ್ಟನ್ನು ತಡೆದಿದ್ದರೆ, ಅಥವಾ ಹಾಸ್ಟೆಲ್‌ಗಳ ವೈಫೈನಲ್ಲಿ ಕೆಲವೊಮ್ಮೆ ಇರುವಂತೆ ಸಾಧನಗಳು ಪರಸ್ಪರ ಕಾಣದ ವ್ಯವಸ್ಥೆಯಿದ್ದರೆ, ಈ ಉಪಾಯ ಫಲಿಸದು. ಎರಡನೆಯ ಸಂದರ್ಭದಲ್ಲಿ ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್‌ಗೇ ಲ್ಯಾಪ್‌ಟಾಪನ್ನು ಜೋಡಿಸುವುದು ಉತ್ತಮ. ಕ್ಯಾಮೆರಾ ಹಾಗೂ ಸ್ಥಳ ಮಾಹಿತಿಯನ್ನು ಮಾತ್ರ ಹೀಗೆ ಪರೀಕ್ಷಿಸಲಾಗದು, ಏಕೆಂದರೆ ಅವುಗಳಿಗೆ ಬ್ರೌಸರ್ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕವನ್ನೇ ಕೇಳುತ್ತದೆ.