ಮದುವೆ ಆಲ್ಬಂ ಅಚ್ಚಿಗೆ ಹೋಗುವ ಮುನ್ನ

ಮದುವೆಯ ಗಡಿಬಿಡಿ ಇಳಿದ ಮೇಲೆ ಒಂದು ದಿನ ಫೋಟೊಗ್ರಾಫರ್ ಕಡೆಯಿಂದ ಪೆನ್‌ಡ್ರೈವ್ ಬರುತ್ತದೆ. ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂರುತ್ತಾರೆ. ತಾನು ಎಲ್ಲಿಯೂ ಸರಿಯಾಗಿ ಕಾಣಿಸಲಿಲ್ಲವೆಂದು ದೊಡ್ಡಮ್ಮನಿಗೆ ಮುನಿಸು, ಧಾರೆ ಸೀರೆಯ ಬಣ್ಣವೇ ಬೇರೆಯಾಗಿದೆಯೆಂದು ಅತ್ತೆಗೆ ಅಸಮಾಧಾನ. ಫೋಟೊಗ್ರಾಫರ್ ಫೋನ್ ಮಾಡಿ ಕೇಳಿದಾಗ ಮಾತ್ರ ‘ಎಲ್ಲ ಚೆನ್ನಾಗಿದೆ ಸರ್’ ಎಂಬ ಉತ್ತರ. ಮುಂದೆ ಬಂದ ನೆಂಟರಿಗೆಲ್ಲ ಆಲ್ಬಂ ತೆರೆದು ಅದೇ ದೂರನ್ನು ವರ್ಷಗಟ್ಟಲೆ ಒಪ್ಪಿಸುವುದು ನಮ್ಮಲ್ಲಿ ವಾಡಿಕೆ. ಆ ದೂರು ಫೋಟೊಗ್ರಾಫರ್ ಕಿವಿಗೆ ಬೀಳಬೇಕಾದದ್ದು ಆಲ್ಬಂ ಮುದ್ರಣವಾಗುವ ಮೊದಲು.

ನೋಡುವ ಪರದೆ ಸರಿಯಿರಲಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ನೋಡಿ ತೀರ್ಪು ಕೊಡಬೇಡಿ. ಅಲ್ಲಿ ಸಾಮಾನ್ಯ ಫೋಟೊವಾಗಿ ಕಳುಹಿಸಿದ್ದು ಕುಗ್ಗಿ ಬರುತ್ತದೆ; ಜರಿಯ ನೇಯ್ಗೆ, ಕೂದಲಿನ ಎಳೆ ಅದರಲ್ಲಿ ಉಳಿಯುವುದಿಲ್ಲ. ರಾತ್ರಿ ಹೊತ್ತು ಮೊಬೈಲ್ ಪರದೆ ತಾನಾಗಿ ಹಳದಿಗೆ ತಿರುಗುವಂತೆ ಮಾಡಿಕೊಂಡಿದ್ದರೆ ಎಲ್ಲರ ಮುಖವೂ ಅರಿಸಿನ ಹಚ್ಚಿದಂತೆ ಕಾಣುತ್ತದೆ. ಮೂಲ ಕಡತವನ್ನು ಹಗಲಿನಲ್ಲಿ, ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ. ಸೀರೆಯ ಬಣ್ಣದ ತಕರಾರಿದ್ದರೆ ಆ ಸೀರೆಯನ್ನೇ ಕಿಟಕಿಯ ಬಳಿ ಹಿಡಿದು ಹೋಲಿಸಿ ನೋಡಿ.

ಸಂಖ್ಯೆ ಹಾಕಿ ಬರೆಯಿರಿ

‘ತಾಳಿ ಕಟ್ಟುವಾಗ ಮಾವ ಪಕ್ಕದಲ್ಲಿರುವ ಫೋಟೊ’ ಎಂದರೆ ಅಂಥವು ಹತ್ತಾರು ಇರುತ್ತವೆ. ಪ್ರತಿ ಕಡತದ ಹೆಸರಿನಲ್ಲಿ ಕ್ಯಾಮೆರಾ ಕೊಟ್ಟ ಸಂಖ್ಯೆ ಇರುತ್ತದೆ, ಅದನ್ನೇ ಬರೆದುಕೊಳ್ಳಿ. ಇಲ್ಲೊಂದು ತೊಡಕಿದೆ. ಈ ಸಂಖ್ಯೆ ಸಾಮಾನ್ಯವಾಗಿ ನಾಲ್ಕೇ ಅಂಕಿಯದು. 9999 ಮುಗಿದರೆ ಮತ್ತೆ 0001. ಮದುವೆಯಲ್ಲಿ ಎರಡು ಮೂರು ಕ್ಯಾಮೆರಾಗಳು ಓಡಾಡುವುದರಿಂದ ಒಂದೇ ಸಂಖ್ಯೆಯ ಎರಡು ಫೋಟೊಗಳೂ ಸಿಗಬಹುದು. ಹೀಗಾಗಿ ಫೋಲ್ಡರ್ ಹೆಸರನ್ನೂ ಸೇರಿಸಿ. ಎರಡೂ ಕಡೆಯವರ ಮಾತು ಕೇಳಿ ಪಟ್ಟಿ ಮಾಡುವವರು ಒಬ್ಬರೇ ಇರಲಿ. ಮದುಮಗಳು ಒಂದು ಹೇಳಿ, ಸೋದರಮಾವ ಬೇರೆ ಫೋನಿನಿಂದ ಇನ್ನೊಂದು ಹೇಳಿದರೆ ಎರಡೂ ಆಗುವುದಿಲ್ಲ.

ಸರಿಪಡಿಸಲು ಬರುವುದು, ಬಾರದ್ದು

ಪಟ್ಟಿ ಉದ್ದವಾಯಿತೆಂದು ಹೆದರಬೇಕಿಲ್ಲ, ಅದನ್ನು ವಿಂಗಡಿಸಿದರೆ ಸಾಕು. ಮುಖ ಕಪ್ಪಾಗಿದ್ದು, ಚಿತ್ರ ಓರೆಯಾಗಿದ್ದು, ಹೋಮದ ಹೊಗೆಯಿಂದ ಮಬ್ಬಾಗಿದ್ದು, ಮೂಲೆಯಲ್ಲಿ ಯಾರದೋ ಕೈ ತೂರಿದ್ದು ಇವೆಲ್ಲ ಎಡಿಟಿಂಗ್‌ನಲ್ಲಿ ಒಂದು ಮಟ್ಟಕ್ಕೆ ಬರುತ್ತವೆ.

ಕೆಲವಕ್ಕೆ ಬದಲಿ ಚಿತ್ರ ಇರುತ್ತದೆ. ಮಾಂಗಲ್ಯಧಾರಣೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುವಾಗ ಯಾರಾದರೂ ಕಣ್ಣು ಮುಚ್ಚುವವರೇ. ಆದರೆ ಆ ಗಳಿಗೆಯಲ್ಲಿ ಬಟನ್ ಒಮ್ಮೆ ಒತ್ತಿ ಬಿಡುವ ಫೋಟೊಗ್ರಾಫರ್ ಇಲ್ಲ. ಹಿಂದೆ ಮುಂದೆ ತೆಗೆದವನ್ನು, ಎರಡನೇ ಕ್ಯಾಮೆರಾದವನ್ನು ಹುಡುಕಲು ಹೇಳಿ. ದೊಡ್ಡಮ್ಮ ಸಿಗುವುದೂ ಅಲ್ಲಿಯೇ.

ಇನ್ನು ಕೆಲವು ಹೋದದ್ದು ಹೋದಂತೆಯೇ. ಫೋಕಸ್ ಪೂರ್ತಿ ತಪ್ಪಿದ್ದು, ತಲೆ ಕತ್ತರಿಸಿಹೋಗಿದ್ದು, ಬಿಳಿ ಪಂಚೆ ಬೆಳಕಿಗೆ ಸುಟ್ಟು ಮಡಿಕೆಯೂ ಕಾಣದಂತಾಗಿದ್ದು ಸರಿಯಾಗುವುದಿಲ್ಲ. ಅಂತರಪಟ ಸರಿದು ಜೀರಿಗೆ–ಬೆಲ್ಲ ಬೀಳುವ ಕ್ಷಣಕ್ಕೆ ನಿಮ್ಮದೇ ನೆಂಟರು ಮೊಬೈಲ್ ಎತ್ತಿ ಅಡ್ಡ ನಿಂತಿದ್ದರೆ ಫೋಟೊಗ್ರಾಫರನ್ನು ಬೈದು ಫಲವಿಲ್ಲ.

ಆರತಕ್ಷತೆಯ ವೇದಿಕೆಯ ನೇರಳೆ ಎಲ್ಇಡಿ ಬೆಳಕು ಬೇರೆಯದೇ ಕಥೆ. ಅದು ಮೈಬಣ್ಣವನ್ನೇ ಕೆಡಿಸುತ್ತದೆ. ನಮ್ಮ ಕೈಗೆ ಸಾಮಾನ್ಯವಾಗಿ ಸಿಗುವ ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ 16,384. ರಾ ರೂಪದಲ್ಲಿ ತೆಗೆದಿದ್ದರೆ ಮೈಬಣ್ಣವನ್ನು ಸಾಕಷ್ಟು ಹಿಂದಕ್ಕೆ ತರಬಹುದು. ತೀರಾ ಒಂದೇ ಬಣ್ಣ ಮುಖ ತುಂಬಿದ್ದರೆ ಕಪ್ಪು–ಬಿಳುಪಾಗಿಸುವುದೇ ವಾಸಿ. ಫೋಟೊ ಉದ್ದಕ್ಕೂ ಕಪ್ಪು ಪಟ್ಟೆ ಬಂದಿದ್ದರೆ ಮಾತ್ರ ಬಿಡದೆ ಕೇಳಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು; ಅಗ್ಗದ ಎಲ್ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುದುಂಟು. ಕ್ಯಾಮೆರಾದ ಶಟರ್ ತೀರಾ ಬೇಗ ತೆರೆದು ಮುಚ್ಚಿದರೆ ದೀಪ ಮಂಕಾದ ಗಳಿಗೆ ಪಟ್ಟೆಯಾಗಿ ಮೂಡುತ್ತದೆ. ಅಲ್ಲಿ ಶಟರ್ ವೇಗ ಇಳಿಸಬೇಕೆಂಬುದು ಕಸುಬು ಬಲ್ಲವರಿಗೆ ಗೊತ್ತಿರಬೇಕು. ಇಂಥ ಲೋಪಕ್ಕೆ ಬಾಕಿ ಹಣದಲ್ಲಿ ಕಡಿತ ಕೇಳುವುದು ನ್ಯಾಯವೇ.

ಕೇಳದೆಯೇ ಮಾಡಿಕೊಡುವ ಒಂದು ‘ಉಪಕಾರ’ವಿದೆ: ಎಲ್ಲರನ್ನೂ ಬೆಳ್ಳಗಾಗಿಸಿ, ಅಜ್ಜಿಯ ಮುಖದ ಸುಕ್ಕನ್ನೂ ಒರೆಸಿಬಿಡುವುದು. ನನಗಂತೂ ಅದು ಸಹಿಸದು. ಬೇಡವೆಂದು ಪಟ್ಟಿಯ ಮೊದಲ ಸಾಲಿನಲ್ಲಿಯೇ ಬರೆಯಿರಿ.

ಹೇಳುವ ಬಗೆ

‘ಯಾಕೋ ಸರಿ ಬಂದಿಲ್ಲ’ ಎಂದರೆ ಆ ಕಡೆಯವರಿಗೆ ಕೆಲಸವೇ ತಿಳಿಯದು. ಹೀಗೆ ಬರೆಯಿರಿ: ‘ಸರ್, ಧಾರೆ ಫೋಲ್ಡರ್‌ನ 4512ರಲ್ಲಿ ಅಪ್ಪನ ಕಣ್ಣು ಮುಚ್ಚಿದೆ, ಬೇರೆ ಇದ್ದರೆ ಹಾಕಿ. 4530ರಲ್ಲಿ ಸೀರೆ ಕೆಂಪಾಗಿ ಕಾಣುತ್ತಿದೆ, ಅದು ಮರೂನ್. ಕಾಶಿಯಾತ್ರೆಯ ಫೋಟೊಗಳು ತುಂಬ ಇಷ್ಟವಾದವು, ಅವುಗಳ ಬಣ್ಣ ಹಾಗೆಯೇ ಇರಲಿ.’ ಕೊನೆಯ ಮಾತು ಬರೀ ಸೌಜನ್ಯಕ್ಕಲ್ಲ. ಯಾವುದು ಇಷ್ಟವಾಯಿತೆಂದು ತಿಳಿದರೆ ಎಡಿಟರ್ ಉಳಿದವನ್ನೂ ಅದೇ ಹದಕ್ಕೆ ತರುತ್ತಾರೆ. ಫೋನಿನಲ್ಲಿ ಮಾತಾಡಿದರೂ ಆಮೇಲೆ ಬರೆದು ಕಳುಹಿಸಿ.

ಕ್ಯಾಮೆರಾ ಹಿಡಿದವರಿಗೆ

ದೂರು ಬಂದ ಕೂಡಲೇ ಛತ್ರದ ಬೆಳಕು, ಲೆನ್ಸ್, ಐಎಸ್‌ಒ ಎಂದು ವಿವರಣೆಗೆ ಇಳಿಯಬೇಡಿ. ಅವರು ಮುಗಿಸಲಿ. ‘ಯಾವ ಫೋಟೊ? ಅದರಲ್ಲಿ ಏನು ಇರಬೇಕಿತ್ತು?’ ಎಂದು ಕೇಳಿ. ನೀವು ಬೆಳಕು ನೋಡುತ್ತೀರಿ, ಮನೆಯವರು ಮುಖ ನೋಡುತ್ತಾರೆ. ಸ್ವಲ್ಪ ಅಲುಗಿದೆಯೆಂದು ನೀವು ತೆಗೆದುಹಾಕಿದ್ದು ತಾತ ನಕ್ಕ ಒಂದೇ ಫೋಟೊ ಆಗಿರಬಹುದು. ಹಿರಿಯರ ಚಿತ್ರಗಳನ್ನು ಆರಿಸುವ ಹೊಣೆ ಮನೆಯವರಿಗೇ ಬಿಡಿ.

ತಪ್ಪಿದ್ದರೆ ‘ನಮ್ಮಿಂದ ತಪ್ಪಾಗಿದೆ’ ಎಂಬ ಒಂದು ಸಾಲು ಸಾಕು, ಜೊತೆಗೆ ಯಾವ ದಿನಾಂಕಕ್ಕೆ ಸರಿಪಡಿಸಿ ಕೊಡುತ್ತೀರೆಂದು ತಿಳಿಸಿ. ತಪ್ಪಲ್ಲ, ಅಭಿರುಚಿಯ ವ್ಯತ್ಯಾಸ ಎನ್ನಿಸಿದರೆ ಹಾಗೆಂದೇ ಮೆತ್ತಗೆ ಹೇಳಬಹುದು. ಎಷ್ಟು ಸುತ್ತಿನ ತಿದ್ದುಪಡಿ ಉಚಿತ ಎಂಬುದು ಮುಂಗಡ ಪಡೆಯುವಾಗಲೇ ಕೊಟೇಶನ್‌ನಲ್ಲಿ ಇರಲಿ. ಆಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಕೊನೆಯ ಒಪ್ಪಿಗೆ

ವಿನ್ಯಾಸದ ಪಿಡಿಎಫ್ ಬಂದಾಗ ಅವಸರ ಬೇಡ. ಬಹಳ ಕಡೆ ಬಳಕೆಯಲ್ಲಿರುವ 12x36 ಇಂಚಿನ ಹಾಳೆಯ ನಡುವಿನ ಮಡಿಕೆ 18ನೇ ಇಂಚಿಗೆ ಬರುತ್ತದೆ. ಅಲ್ಲಿ ಯಾರ ಮೂಗೂ ಕೂತಿರಬಾರದು. ಹೆಸರಿನ ಕಾಗುಣಿತ, ದಿನಾಂಕ, ಒಂದೇ ಫೋಟೊ ಎರಡು ಸಲ ಬಂದಿದೆಯೇ, ಬೀಗರ ಕಡೆಯವರು ಕಡಿಮೆಯಾದರೇ, ಎಲ್ಲ ನೋಡಿ. ಒಪ್ಪಿಗೆ ಕೊಟ್ಟ ಮೇಲಿನ ಬದಲಾವಣೆಯ ಖರ್ಚು ನಿಮ್ಮದೇ ಆಗುತ್ತದೆ.

ನಿಮ್ಮ ಫೋಟೊ ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ ಬರುವುದು ಇಷ್ಟವಿಲ್ಲದಿದ್ದರೆ ಅದನ್ನೂ ಈಗಲೇ ತಿಳಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿದವರೇ ಫೋಟೊದ ಮೊದಲ ಹಕ್ಕುದಾರರು. ನೀವು ಓದದೆ ಸಹಿ ಹಾಕಿದ ಕಾಗದದಲ್ಲಿ ಆ ಬೇರೆ ಒಪ್ಪಂದ ಇರಲೂಬಹುದು, ತೆಗೆದು ನೋಡಿ.

ಮಾತಿಗೆ ಬಗ್ಗದೆ, ಹಣ ಪಡೆದೂ ಫೋಟೊ ಕೊಡದೆ ಸತಾಯಿಸುವವರೂ ಇದ್ದಾರೆ. ಅಂಥವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಕೊಟೇಶನ್, ಹಣ ಪಾವತಿಸಿದ ದಾಖಲೆ, ಸಂಖ್ಯೆ ಹಾಕಿ ಕಳುಹಿಸಿದ ನಿಮ್ಮ ಪಟ್ಟಿ ಜೊತೆಗಿರಲಿ.