ವಾಪಸ್ ಬಂದ ಮೂರನೇ ಆರ್‌ಎ ಬಿಲ್

ಮಡಿಕೇರಿಯ ವಾಣಿಜ್ಯ ಕಟ್ಟಡದ ಮೂರನೇ ಆರ್‌ಎ ಬಿಲ್ (ರನ್ನಿಂಗ್ ಅಕೌಂಟ್ ಬಿಲ್, ಅಂದರೆ ಕೆಲಸ ನಡೆಯುತ್ತಿರುವಾಗಲೇ ಆದಷ್ಟು ಕೆಲಸಕ್ಕೆ ಗುತ್ತಿಗೆದಾರ ಹಾಕುವ ಬಿಲ್) ವಾಪಸ್ ಬಂದದ್ದು ಎರಡು ತಪ್ಪಿಗೆ. ತಡೆಗೋಡೆಯ ಪಾಯದ ಬೆಡ್ ಕಾಂಕ್ರೀಟು (ತಳದ ಪದರ) ಅಳತೆ ಪುಸ್ತಕಕ್ಕೆ ಏರುವ ಮೊದಲೇ, ಮಳೆಗೆ ಹೆದರಿ ಮಣ್ಣು ಮುಚ್ಚಿದ್ದೆವು. ಮೂರು ಕಡೆ ಗುಂಡಿ ತೋಡಿಸಿ, ಮಾಲೀಕರ ಎಂಜಿನಿಯರ್ ಎದುರೇ ದಪ್ಪ, ಅಗಲ ಅಳೆದು, ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಆ ಐಟಂ ಪಾಸಾಯಿತು. ಕೊಡಗಿನ ಜುಲೈನಲ್ಲಾದರೆ ಗುಂಡಿಯಲ್ಲಿ ನೀರನ್ನೇ ಅಳೆಯಬೇಕಿತ್ತು! ಮುಚ್ಚಿಹೋಗುವ ಕೆಲಸವನ್ನು ಅವತ್ತೇ ಅಳೆದುಬಿಡಿ. ಟೇಪ್ ಕಾಣುವಂತೆ ಫೋಟೊ ಇರಲಿ.

ಇನ್ನೊಂದು, ಆ ತಿಂಗಳ ಕೆಲಸವನ್ನಷ್ಟೇ ಬರೆದಿದ್ದೆ. ಈವರೆಗಿನ ಒಟ್ಟು ಪ್ರಮಾಣ ಬರೆದು ಹಿಂದಿನ ಬಿಲ್ಲಿನದ್ದನ್ನು ಕಳೆಯಬೇಕು: 410 ಘನ ಮೀಟರಿನಲ್ಲಿ 290 ಹೋಗಿ 120. ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲೇ ತೋರಿಸಿ. ಆಗ ಟಿಡಿಎಸ್ (ಹಣ ಕೊಡುವವರೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಮೂಲ ಮೊತ್ತದ ಮೇಲಷ್ಟೇ ಕಡಿತವಾಗುತ್ತದೆ.