ನ್ಯೂಜೆರ್ಸಿಯಲ್ಲಿ ಪುಕ್ಕಟೆ ಪ್ರೀಸ್ಕೂಲ್: ಮನೆ ಹಿಡಿಯುವ ಮೊದಲೇ ವಿಚಾರಿಸಿ

ನ್ಯೂಜೆರ್ಸಿಗೆ ಹೊಸದಾಗಿ ಬರುವ ನಮ್ಮವರು ಮನೆ ಹುಡುಕುವಾಗ ಟ್ರೈನ್ ಸ್ಟೇಷನ್ ಎಷ್ಟು ದೂರ, ಇಂಡಿಯನ್ ಅಂಗಡಿ ಎಲ್ಲಿ ಅಂತ ಕೇಳುತ್ತಾರೆ. ಮೂರು-ನಾಲ್ಕು ವರ್ಷದ ಮಗು ಇದ್ದರೆ ಇನ್ನೊಂದು ಕೇಳಿ ಅನ್ನುತ್ತೇನೆ ನಾನು: ಈ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಪ್ರೀಸ್ಕೂಲಿಗೆ ಅಂತ ರಾಜ್ಯದ ದುಡ್ಡು ಬರುತ್ತಾ?

ಆ ದುಡ್ಡು ನಮ್ಮ ಕೈಗೆ ಬರುವುದಲ್ಲ. ಮಗುವಿಗೆ ಇಷ್ಟು ಅಂತ ಲೆಕ್ಕ ಹಾಕಿ ರಾಜ್ಯ ಡಿಸ್ಟ್ರಿಕ್ಟ್‌ಗೆ ಕೊಡುತ್ತದೆ. ಬಡ ಊರುಗಳಿಗೆ ಕೊಡಲೇಬೇಕು ಅಂತ 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಜೆರ್ಸಿ ಸಿಟಿ, ನ್ಯೂವಾರ್ಕ್, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಇದು ಶುರುವಾಗಿದ್ದು ಹಾಗೆ. ಈಗ ಬೇರೆ ಊರುಗಳೂ ಸೇರುತ್ತಿವೆ. 'ನಮ್ಮ ಸಂಬಳಕ್ಕೆ ಯಾರು ಕೊಡ್ತಾರೆ' ಅಂತ ಸುಮ್ನಾಗಬೇಡಿ. ಊರಲ್ಲಿ ವಾಸ ಇದ್ದರೆ ಅರ್ಜಿ ಹಾಕಬಹುದು. ಹೊಸದಾಗಿ ಸೇರಿದ ಊರುಗಳಲ್ಲಿ ಸೀಟು ಕಡಿಮೆ, ಲಾಟರಿ ಎತ್ತುವುದೂ ಉಂಟು. ತರಗತಿಗೆ 15 ಮಕ್ಕಳು ಮಾತ್ರ ಅಲ್ವಾ!

ವಯಸ್ಸಿಗೆ ಬಹಳ ಕಡೆ ಅಕ್ಟೋಬರ್ 1 ಗಡಿ, ಅಷ್ಟರೊಳಗೆ ಮಗುವಿಗೆ ಮೂರು ತುಂಬಿರಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್, ಮಗುವಿನ ಜನನ ಪತ್ರ ಜೋಡಿಸಿಟ್ಟುಕೊಳ್ಳಿ.

ತಡವಾಗುವುದು ಲಸಿಕೆಯಲ್ಲಿ. ಊರಿಂದ ತಂದ ತಾಯಿ ಕಾರ್ಡ್ ಹಿಡಿದು ನೇರ ಶಾಲೆಗೆ ಹೋಗಬೇಡಿ. ಮೊದಲು ಇಲ್ಲಿನ ಮಕ್ಕಳ ಡಾಕ್ಟರಿಗೆ ತೋರಿಸಿ, ಶಾಲೆಯ ಆರೋಗ್ಯ ಫಾರ್ಮ್ ತುಂಬಿಸಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಚಿಕನ್‌ಪಾಕ್ಸ್, ಫ್ಲೂ ಲಸಿಕೆ ಇಲ್ಲ. ಇಲ್ಲಿ ಎರಡೂ ಬೇಕು. ಫ್ಲೂ ಅಂತೂ ಪ್ರತಿ ವರ್ಷ ಡಿಸೆಂಬರ್ 31ರೊಳಗೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ಅದನ್ನೇ ಮೊದಲು ಹಿಡಿಯಿರಿ.

ಫಾರ್ಮಿನಲ್ಲಿ ಮನೆಮಾತು ಯಾವುದು ಅಂತ ಕೇಳುತ್ತಾರೆ. ಮಗು ಹಿಂದುಳಿಯುತ್ತೆ ಅಂತ ಹೆದರಿ ಕೆಲವರು ಇಂಗ್ಲಿಷ್ ಅಂತ ಬರೆಯುತ್ತಾರೆ. ಯಾಕೆ? ಕನ್ನಡ ಅಂತಲೇ ಬರೆಯಿರಿ. 'ನೀರು', 'ಸಾಕು', 'ಉಚ್ಚೆ' ಅಂದರೆ ಏನು ಅಂತ ಟೀಚರಿಗೆ ಚೀಟಿಯಲ್ಲಿ ಬರೆದುಕೊಡಿ. ಮೊದಲ ವಾರ ಮಗು ಬಾಯಿಬಿಟ್ಟರೆ ಬರುವುದು ಇಂಥ ಮಾತೇ.

ರಾಜ್ಯದ ದುಡ್ಡಲ್ಲಿ ಸಿಗುವುದು ದಿನಕ್ಕೆ ಸುಮಾರು ಆರು ಗಂಟೆ. ಸಂಜೆ ನೋಡಿಕೊಳ್ಳುವುದಕ್ಕೆ ಫೀಸು ಬೇರೆ, ಅದನ್ನು ನೀವೇ ಕಟ್ಟಬೇಕು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಡಿಸ್ಟ್ರಿಕ್ಟ್ ಜೊತೆ ಒಪ್ಪಂದ ಇರುವ ಖಾಸಗಿ ಡೇಕೇರ್‌ಗಳ ಪಟ್ಟಿ ಕೇಳಿ. ಅಲ್ಲಿ ಶಾಲೆ ಹೊತ್ತು ಪುಕ್ಕಟೆ. ಆಮೇಲೂ ಮಗುವನ್ನು ಅಲ್ಲೇ ಬಿಡಬಹುದಾ, ತಿಂಗಳಿಗೆ ಎಷ್ಟಾಗುತ್ತೆ ಅಂತ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.